ಗಂಟೆ ಒಂದೇ, ಹೊತ್ತು ಬೇರೆ

ವಾರ್ತೆಗಳು ಆರಂಭವಾಗುವ ಮುನ್ನ ರೇಡಿಯೋದಲ್ಲಿ ಕೇಳಿಬರುವ 'ಪಿಪ್, ಪಿಪ್' ಎಂಬ ಸಣ್ಣ ಧ್ವನಿಗಳಿಗೆ ಗಡಿಯಾರವನ್ನು ಸರಿಪಡಿಸಿಕೊಳ್ಳುವ ವಾಡಿಕೆ ಅನೇಕ ಮನೆಗಳಲ್ಲಿ ಉಂಟಷ್ಟೆ. ಗ್ರೀನಿಚ್ ವೇಧಶಾಲೆಯ ಗಡಿಯಾರವನ್ನು ಅನುಸರಿಸಿ ಬಿ.ಬಿ.ಸಿ.ಯು ಇಂಥ ಆರು ಧ್ವನಿಗಳ ಸಂಕೇತವನ್ನು ಪ್ರಸಾರ ಮಾಡತೊಡಗಿದ್ದು 1924ನೆಯ ಇಸವಿ ಫೆಬ್ರವರಿ 5ರಂದು. ರೇಡಿಯೋ ಅಲೆಗೆ ದೂರವೆಂಬುದು ಲೆಕ್ಕಕ್ಕಿಲ್ಲ. ಸಾವಿರ ಮೈಲಿಯ ಆಚೆಗೂ ಈಚೆಗೂ ಆ ಧ್ವನಿ ಬಹುಮಟ್ಟಿಗೆ ಒಂದೇ ಕ್ಷಣದಲ್ಲಿ ಕೇಳಿಸುತ್ತದೆ. ಆದರೆ ಅದನ್ನು ಕೇಳಿದವರೆಲ್ಲ ಎದ್ದು ಕಿಟಕಿಯಿಂದ ಹೊರಗೆ ನೋಡಿದರೆ ಎಲ್ಲರಿಗೂ ಕಾಣುವ ಆಕಾಶ ಒಂದೇ ಅಲ್ಲ.

ನಮ್ಮ ಕನ್ನಡದಲ್ಲಿ ಇದಕ್ಕೆ ಒಪ್ಪುವ ಎರಡು ಮಾತುಗಳಿವೆ. ಒಂದು 'ಗಂಟೆ', ಇನ್ನೊಂದು 'ಹೊತ್ತು'. ಗಂಟೆ ಎಂಬುದು ಬಾರಿಸುವ ವಸ್ತುವಿನ ಹೆಸರು, ಮನುಷ್ಯನು ಮಾಡಿಟ್ಟದ್ದು. ಹೊತ್ತು ಎಂದರೆ ಕಾಲವೂ ಹೌದು, ಸೂರ್ಯನೂ ಹೌದು. 'ಹೊತ್ತು ಹುಟ್ಟಿತು', 'ಹೊತ್ತು ಮುಳುಗಿತು', 'ಹೊತ್ತು ನೆತ್ತಿಗೆ ಬಂತು' ಎಂದು ಹೇಳುವಾಗ ನಾವು ನೋಡುತ್ತಿರುವುದು ಆಕಾಶವನ್ನು, ಗೋಡೆಯ ಗಡಿಯಾರವನ್ನಲ್ಲ. ಗಂಟೆಯೂ ಹೊತ್ತೂ ಒಂದೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅವು ಎಷ್ಟರಮಟ್ಟಿಗೆ ಬೇರೆಯಾಗಬಲ್ಲವು, ಬೇರೆಯಾದರೆ ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ತಿಳಿಯಲು ಯೂರೋಪಿನ ಎರಡು ಮೂಲೆಗಳಲ್ಲಿರುವ ಎರಡು ಊರುಗಳನ್ನು ಈಗ ನೋಡೋಣ.

ಎರಡು ಊರುಗಳು

ಭೂಪಟವನ್ನು ಮುಂದಿಟ್ಟುಕೊಳ್ಳಿ. ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ, ಪೋರ್ಚುಗಲ್ಲಿನ ನೆತ್ತಿಯ ಮೇಲೆ, ಗಲೀಸಿಯ ಎಂಬ ಪ್ರಾಂತವಿದೆ. ಅಲ್ಲಿನ ದೊಡ್ಡ ಬಂದರು ವೀಗೊ. ಮೂರು ಲಕ್ಷಕ್ಕೆ ತುಸು ಕಡಿಮೆ ಜನ. ಹಿಂದೆ ನದಿ ಹರಿದ ಕಣಿವೆಯೊಳಕ್ಕೆ ಅಟ್ಲಾಂಟಿಕ್ ಸಾಗರ ನುಗ್ಗಿ ಉಂಟಾದ ಉದ್ದನೆಯ ಕೊಲ್ಲಿಯ ದಂಡೆಯಲ್ಲಿ ಈ ಊರಿದೆ. ಕೊಲ್ಲಿಯ ಬಾಯಲ್ಲಿ ಸೀಯಸ್ ಎಂಬ ದ್ವೀಪಗಳು ತಡೆಗೋಡೆಯಂತೆ ನಿಂತು ಅಲೆಗಳ ಹೊಡೆತವನ್ನು ತಡೆಯುತ್ತವೆ. ಮಳೆ ಹೆಚ್ಚು, ಹಸಿರು ಹೆಚ್ಚು. ಚಳಿಗಾಲದಲ್ಲೂ ಹಿಮ ಬೀಳುವುದು ಅಪರೂಪ. ಮೀನುಗಾರಿಕೆಯಲ್ಲಿ ಯೂರೋಪಿನ ಮುಖ್ಯ ಬಂದರುಗಳಲ್ಲಿ ಇದೂ ಒಂದು. ಕೊಲ್ಲಿಯ ತಿಳಿನೀರಿನಲ್ಲಿ ಮರದ ತೆಪ್ಪಗಳಿಂದ ಹಗ್ಗಗಳನ್ನು ಇಳಿಬಿಟ್ಟು ಚಿಪ್ಪುಮೀನು ಬೆಳೆಸುತ್ತಾರೆ.

ಈಗ ಬೆರಳನ್ನು ಈಶಾನ್ಯಕ್ಕೆ ಸರಿಸಿ. ಫ್ರಾನ್ಸ್, ಜರ್ಮನಿ, ಸ್ವೀಡನ್ನುಗಳನ್ನು ದಾಟಿ, ನಾರ್ವೆ ದೇಶದ ತುತ್ತತುದಿಗೆ ಬನ್ನಿ. ನಾರ್ವೆಯನ್ನು ಯೂರೋಪಿನ ಪಶ್ಚಿಮ ಅಂಚಿನ ದೇಶವೆಂದು ನಾವು ಭಾವಿಸುವುದು ರೂಢಿ. ಆದರೆ ಅದರ ಉತ್ತರ ಭಾಗ ಸ್ವೀಡನ್ ಮತ್ತು ಫಿನ್‌ಲೆಂಡುಗಳ ತಲೆಯ ಮೇಲೆ ಬಾಗಿ ಪೂರ್ವಕ್ಕೆ ಚಾಚಿಕೊಂಡು ರಷ್ಯದ ಗಡಿಯನ್ನು ಮುಟ್ಟುತ್ತದೆ. ಆ ಚಾಚಿನ ಕೊನೆಯಲ್ಲಿ, ಬಾರೆಂಟ್ಸ್ ಸಮುದ್ರದ ಒಂದು ದ್ವೀಪದ ಮೇಲೆ, ವಾರ್ಡೊ ಎಂಬ ಪುಟ್ಟ ಊರು ಇದೆ. ಸುಮಾರು ಎರಡು ಸಾವಿರ ಜನ. ಸಮುದ್ರದ ತಳದಲ್ಲಿ ಕೊರೆದ ಸುರಂಗವೊಂದು ಊರನ್ನು ನೆಲಕ್ಕೆ ಜೋಡಿಸುತ್ತದೆ. ಮರಗಳಿಲ್ಲದ, ಗಾಳಿ ಬೀಸುವ ನಾಡು. ಆದರೂ ಅಟ್ಲಾಂಟಿಕ್ಕಿನಿಂದ ಬರುವ ಬೆಚ್ಚನೆಯ ನೀರಿನ ಪ್ರವಾಹದ ದೆಸೆಯಿಂದ ಬಂದರು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಇಲ್ಲಿಯೂ ಮೀನೇ ಜೀವನ.

ಎರಡು ಊರುಗಳ ನಡುವೆ ನೇರವಾಗಿ ಅಳೆದರೆ ಸುಮಾರು 3,800 ಕಿಲೋಮೀಟರು. ವೀಗೊ ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ನಿಗಿಂತಲೂ ಪಶ್ಚಿಮಕ್ಕಿದೆ. ವಾರ್ಡೊ ಇಸ್ತಾಂಬುಲ್ಲಿಗಿಂತಲೂ ಪೂರ್ವಕ್ಕಿದೆ; ಈಜಿಪ್ಟಿನ ಕೈರೋ ನಗರದಿಂದ ನೇರವಾಗಿ ಉತ್ತರಕ್ಕೆ ಗೆರೆ ಎಳೆದರೆ ಅದು ವಾರ್ಡೊವಿನ ಹತ್ತಿರವೇ ಹಾದುಹೋಗುತ್ತದೆ. ಇಷ್ಟು ಅಂತರವಿದ್ದರೂ ಎರಡೂ ಊರುಗಳ ಗಡಿಯಾರಗಳು ಒಂದೇ ಗಂಟೆಯನ್ನು ತೋರಿಸುತ್ತವೆ. ಎರಡೂ ಕಡೆ ನಡೆಯುವುದು 'ಮಧ್ಯ ಯೂರೋಪಿನ ಕಾಲ', ಅಂದರೆ ಗ್ರೀನಿಚ್ ಕಾಲಕ್ಕಿಂತ ಒಂದು ಗಂಟೆ ಮುಂದೆ. ಬೇಸಗೆಯಲ್ಲಿ ಎರಡು ಗಂಟೆ ಮುಂದೆ.

ಪೂರ್ವ ಪಶ್ಚಿಮದ ಲೆಕ್ಕ

ಭೂಮಿ ತನ್ನ ಸುತ್ತ ತಾನು ಒಮ್ಮೆ ತಿರುಗಲು 24 ಗಂಟೆ ಬೇಕು. ವೃತ್ತಕ್ಕೆ 360 ಅಂಶಗಳು. ಆದ್ದರಿಂದ ಗಂಟೆಗೆ 15 ಅಂಶ. ಒಂದು ಅಂಶಕ್ಕೆ 4 ನಿಮಿಷ. ನಮ್ಮ ಹಿರಿಯರು ದಿನವನ್ನು 60 ಗಳಿಗೆಗಳಾಗಿ ಭಾಗಿಸಿದ್ದರು. ಆ ಲೆಕ್ಕದಲ್ಲಿ ಗಳಿಗೆಗೆ 6 ಅಂಶ. ಉಜ್ಜಯಿನಿಯ ಮೇಲೆ ಹಾಯುವ ಮಧ್ಯರೇಖೆಯನ್ನು ಆಧಾರವಾಗಿಟ್ಟುಕೊಂಡು, ಅದರಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಊರುಗಳಿಗೆ 'ದೇಶಾಂತರ ಸಂಸ್ಕಾರ' ಮಾಡಬೇಕೆಂದು ನಮ್ಮ ಜ್ಯೋತಿಷ ಗ್ರಂಥಗಳು ವಿಧಿಸಿವೆ. ಊರು ಬದಲಾದರೆ ಹೊತ್ತು ಬದಲಾಗುತ್ತದೆ ಎಂಬುದು ನಮ್ಮವರಿಗೆ ಹೊಸ ಮಾತಲ್ಲ.

ವೀಗೊ ಗ್ರೀನಿಚ್ಚಿಗೆ ಪಶ್ಚಿಮದಲ್ಲಿ ಸುಮಾರು 8 ಮುಕ್ಕಾಲು ಅಂಶ. ವಾರ್ಡೊ ಪೂರ್ವದಲ್ಲಿ ಸುಮಾರು 31 ಅಂಶ. ಎರಡನ್ನೂ ಕೂಡಿಸಿದರೆ 40 ಅಂಶಕ್ಕೆ ಸ್ವಲ್ಪ ಕಡಿಮೆ. ನಾಲ್ಕರಿಂದ ಗುಣಿಸಿದರೆ ಸುಮಾರು 2 ಗಂಟೆ 39 ನಿಮಿಷ. ಆರೂವರೆ ಗಳಿಗೆಗೂ ಮಿಕ್ಕಿ. ವಾರ್ಡೊದಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬಂದು ಇಷ್ಟು ಕಾಲವಾದ ಮೇಲೆ ವೀಗೊದಲ್ಲಿ ಬರುತ್ತಾನೆ.

ಗಡಿಯಾರದಲ್ಲಿ ಇದು ಹೇಗೆ ಕಾಣುತ್ತದೆ ನೋಡಿ. ಚಳಿಗಾಲದ ಕಾಲಮಾನದಲ್ಲಿ ವಾರ್ಡೊವಿನ ನಿಜವಾದ ಮಧ್ಯಾಹ್ನ ಸರಾಸರಿ 10-56ಕ್ಕೆ. ವೀಗೊವಿನ ನಿಜವಾದ ಮಧ್ಯಾಹ್ನ 1-35ಕ್ಕೆ. ಹಗಲು ರಾತ್ರಿಗಳು ಸಮನಾಗಿರುವ ಮಾರ್ಚ್ 21ರ ಸುಮಾರನ್ನು ತೆಗೆದುಕೊಳ್ಳಿ. ವಾರ್ಡೊದಲ್ಲಿ ಬೆಳಗ್ಗೆ 5 ಗಂಟೆಗೆ ಮೊದಲೇ ಸೂರ್ಯೋದಯವಾಗುತ್ತದೆ. ವೀಗೊದಲ್ಲಿ ಏಳೂವರೆ ಗಂಟೆ ದಾಟಬೇಕು. ಎರಡು ಊರುಗಳಲ್ಲೂ ಗಡಿಯಾರ ಬೆಳಗಿನ ಏಳು ಬಡಿದಾಗ, ಒಂದರಲ್ಲಿ ಬಿಸಿಲೇರಿ ಎರಡು ಗಂಟೆಯಾಗಿರುತ್ತದೆ. ಇನ್ನೊಂದರಲ್ಲಿ ಬೀದಿಯ ದೀಪಗಳನ್ನು ಇನ್ನೂ ಆರಿಸಿರುವುದಿಲ್ಲ.

ಉತ್ತರ ದಕ್ಷಿಣದ ಲೆಕ್ಕ

ಇಷ್ಟಕ್ಕೇ ಮುಗಿದಿದ್ದರೆ ಲೆಕ್ಕ ಸುಲಭವಾಗಿತ್ತು. ಆದರೆ ವೀಗೊ ಇರುವುದು ಉತ್ತರ ಅಕ್ಷಾಂಶ 42ರಲ್ಲಿ. ವಾರ್ಡೊ ಇರುವುದು 70ರಲ್ಲಿ, ಉತ್ತರ ಧ್ರುವವೃತ್ತಕ್ಕೂ ಆಚೆ. ರೇಖಾಂಶವು ಮಧ್ಯಾಹ್ನವನ್ನು ಹಿಂದಕ್ಕೋ ಮುಂದಕ್ಕೋ ಸರಿಸುತ್ತದೆ, ಅಷ್ಟೆ. ಹಗಲು ಎಷ್ಟು ಉದ್ದವೆಂಬುದನ್ನು ಗೊತ್ತುಪಡಿಸುವುದು ಅಕ್ಷಾಂಶ. ಈ ಎರಡನ್ನೂ ಬೆರೆಸಿಕೊಂಡೇ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ.

ಮನೆಯ ಮಕ್ಕಳಿಗೆ ಇದನ್ನು ತೋರಿಸುವುದು ಕಷ್ಟವಲ್ಲ. ಒಂದು ಮೋಸಂಬಿ ಹಣ್ಣಿಗೆ ಹೆಣಿಗೆಯ ಕಡ್ಡಿಯನ್ನು ನೇರವಾಗಿ ಚುಚ್ಚಿ, ಕತ್ತಲೆ ಕೋಣೆಯಲ್ಲಿ ದೀಪದ ಮುಂದೆ ಹಿಡಿಯಿರಿ. ಕಡ್ಡಿಯ ಮೇಲಿನ ತುದಿಯನ್ನು ದೀಪದ ಕಡೆಗೆ ಸ್ವಲ್ಪ ಬಾಗಿಸಿ ಹಣ್ಣನ್ನು ತಿರುಗಿಸಿ. ಹಣ್ಣಿನ ನಡುವಿನ ಚುಕ್ಕೆ ಬೆಳಕಿಗೂ ನೆರಳಿಗೂ ಸಮವಾಗಿ ಬರುತ್ತದೆ. ಮೇಲಿನ ತೊಟ್ಟಿನ ಬಳಿಯ ಚುಕ್ಕೆ ಎಷ್ಟು ತಿರುಗಿಸಿದರೂ ನೆರಳಿಗೆ ಹೋಗುವುದೇ ಇಲ್ಲ. ಕಡ್ಡಿಯನ್ನು ದೀಪದಿಂದ ಆಚೆಗೆ ಬಾಗಿಸಿದರೆ ಅದೇ ಚುಕ್ಕೆ ಬೆಳಕಿಗೆ ಬರುವುದೇ ಇಲ್ಲ. ಭೂಮಿಯ ಅಕ್ಷ ಸುಮಾರು ಇಪ್ಪತ್ತಮೂರೂವರೆ ಅಂಶ ಓರೆಯಾಗಿರುವುದರ ಫಲ ಇದು.

ಆದ್ದರಿಂದ ವಾರ್ಡೊದಲ್ಲಿ ಮೇ ತಿಂಗಳ ಮಧ್ಯದಿಂದ ಜುಲೈ ಕೊನೆಯ ವಾರದವರೆಗೆ ಸೂರ್ಯ ಮುಳುಗುವುದಿಲ್ಲ. ಜೂನ್ 21ರ ನಡುರಾತ್ರಿಯಲ್ಲಿ ಅವನು ಉತ್ತರ ದಿಕ್ಕಿನಲ್ಲಿ, ದಿಗಂತದಿಂದ ನಾಲ್ಕು ಅಂಶಕ್ಕಿಂತ ಸ್ವಲ್ಪ ಕೆಳಗೆ ಇಳಿದು, ಸಮುದ್ರವನ್ನು ಮುಟ್ಟದೆಯೇ ಮತ್ತೆ ಮೇಲೇರುತ್ತಾನೆ. ಇದಕ್ಕೆ ಪ್ರತಿಯಾಗಿ ನವೆಂಬರ್ ಕೊನೆಯ ವಾರದಿಂದ ಜನವರಿಯ ಮಧ್ಯ ದಾಟುವವರೆಗೆ ಸೂರ್ಯ ಹುಟ್ಟುವುದಿಲ್ಲ. ಹಾಗೆಂದು ಆ ದಿನಗಳೆಲ್ಲ ಕಗ್ಗತ್ತಲೆಯೆಂದು ತಿಳಿಯಬಾರದು. ಡಿಸೆಂಬರಿನ ನಟ್ಟನಡುವೆಯೂ ಬೆಳಗ್ಗೆ 9 ಗಂಟೆಯಿಂದ ಮಧ್ಯಾಹ್ನ ಒಂದರ ಸುಮಾರಿನವರೆಗೆ ನಮ್ಮ ಅರುಣೋದಯದಂಥ ನೀಲಿ ಬೆಳಕು ಇರುತ್ತದೆ. ಅಲ್ಲಿನ ವಾರ್ಡೊಹೂಸ್ ಎಂಬ ಹಳೆಯ ಕೋಟೆ ನಕ್ಷತ್ರದ ಆಕಾರದ್ದು. ಚಳಿಗಾಲ ಕಳೆದು ಸೂರ್ಯಬಿಂಬ ಮೊದಲ ಸಲ ಪೂರ್ತಿಯಾಗಿ ಕಾಣಿಸಿಕೊಂಡ ದಿನ ಆ ಕೋಟೆಯಿಂದ ತೋಪು ಹಾರಿಸುವ ಸಂಪ್ರದಾಯವುಂಟು.

ಇದೇ ವಾರ್ಡೊವಿಗೆ 1768ರಲ್ಲಿ ವಿಯೆನ್ನ ನಗರದಿಂದ ಮ್ಯಾಕ್ಸಿಮಿಲಿಯನ್ ಹೆಲ್ ಎಂಬ ಖಗೋಳಜ್ಞನು, ಡೆನ್ಮಾರ್ಕ್-ನಾರ್ವೆಗಳ ದೊರೆಯಾದ ಏಳನೆಯ ಕ್ರಿಶ್ಚಿಯನ್ನನ ಕರೆಯ ಮೇರೆಗೆ ಬಂದನು. ಮರುವರ್ಷ ಜೂನ್ 3ರಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಗಲಿತ್ತು. ಯೂರೋಪಿನ ಬಹುಭಾಗದಲ್ಲಿ ಆಗ ಸೂರ್ಯ ಮುಳುಗಿಬಿಡುತ್ತಾನೆ. ಸೂರ್ಯ ಮುಳುಗದ ವಾರ್ಡೊದಲ್ಲಿ ಮಾತ್ರ ರಾತ್ರಿಯಲ್ಲೇ ಆ ಸಂಕ್ರಮಣವನ್ನು ಮೊದಲಿನಿಂದ ಕೊನೆಯವರೆಗೂ ನೋಡುವ ಅವಕಾಶವಿತ್ತು. ಸೂರ್ಯನ ದೂರವನ್ನು ಅಳೆಯಲು ಅಂದು ನೆರವಾದ ಮುಖ್ಯ ವೀಕ್ಷಣೆಗಳಲ್ಲಿ ಇದೂ ಒಂದು. ಹೆಲ್‌ನ ಜೊತೆಗೆ ಬಂದಿದ್ದ ಶೈನೊವಿಚ್ ಎಂಬಾತನು ಅಲ್ಲಿನ ಸಾಮಿ ಜನರ ನುಡಿಗೂ ತನ್ನ ಹಂಗೇರಿಯ ನುಡಿಗೂ ಇರುವ ನಂಟನ್ನು ಗುರುತಿಸಿ ಪುಸ್ತಕ ಬರೆದದ್ದು ಭಾಷಾಭ್ಯಾಸಿಗಳಿಗೆ ಸ್ವಾರಸ್ಯದ ವಿಷಯ.

ಈಗ ಎರಡು ಲೆಕ್ಕಗಳನ್ನೂ ಕೂಡಿಸಿ ನೋಡಿ. ಡಿಸೆಂಬರ್ 21ರಂದು ವೀಗೊದಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 9 ಗಂಟೆಗೆ. ಸೂರ್ಯನೇ ಹುಟ್ಟದ ವಾರ್ಡೊದಲ್ಲಿ ಮಸುಕು ಬೆಳಕು ಮೂಡುವುದೂ ಸುಮಾರು 9 ಗಂಟೆಗೇ. ಬಡ ವಾರ್ಡೊವಿಗೆ ಬೆಳಕು ಕಡಿಮೆ ಮಾಡಿದ್ದು ಪ್ರಕೃತಿ. ವೀಗೊವಿನ ಬೆಳಗನ್ನು ಕತ್ತಲೆಯಾಗಿಸಿದ್ದು ಪ್ರಕೃತಿಯಲ್ಲ, ಗಡಿಯಾರ.

ಗಂಟೆ ಒಂದಾದ ಬಗೆ

ಹಿಂದೆ ಪ್ರತಿಯೊಂದು ಊರಿಗೂ ಅದರದೇ ಕಾಲವಿತ್ತು. ರೈಲು ಬಂದ ಮೇಲೆ ಅದು ನಡೆಯದಾಯಿತು. ಊರೂರಿಗೆ ಗಡಿಯಾರ ಬೇರೆಯಾದರೆ ರೈಲಿನ ವೇಳಾಪಟ್ಟಿ ಹಾಕುವುದು ಹೇಗೆ? 1884ರಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿ ಗ್ರೀನಿಚ್ಚಿನ ರೇಖೆಯನ್ನು ಮೂಲವೆಂದು ಆರಿಸಿದರು. ಆಮೇಲೆ ಒಂದೊಂದೇ ದೇಶ 15 ಅಂಶಗಳ ವಲಯಗಳಿಗೆ ಹೊಂದಿಕೊಂಡಿತು. ಜರ್ಮನಿ 1893ರಲ್ಲಿ, ನಾರ್ವೆ 1895ರಲ್ಲಿ ಪೂರ್ವ 15 ಅಂಶದ ಕಾಲವನ್ನು ಇಟ್ಟುಕೊಂಡವು. ಸ್ಪೇನ್ 1901ರಿಂದ ಗ್ರೀನಿಚ್ ಕಾಲವನ್ನೇ ಅನುಸರಿಸಿತು. ಭೂಪಟಕ್ಕೆ ಒಪ್ಪುವ ಕಾಲ ಅದೇ.

ಅದು ಕೆಟ್ಟದ್ದು 1940ರಲ್ಲಿ. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಸ್ಪೇನಿನಲ್ಲಿ ಫ್ರಾಂಕೊವಿನ ಸರ್ವಾಧಿಕಾರ. ಮಾರ್ಚ್ 16ರ ರಾತ್ರಿ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಬೇಕೆಂದು ಆಜ್ಞೆಯಾಯಿತು. ಹಿಟ್ಲರನ ಜರ್ಮನಿಯನ್ನು ಮೆಚ್ಚಿಸಲು ಹೀಗೆ ಮಾಡಿದರೆಂದು ಹೇಳುವುದುಂಟು. ಆದರೆ ಆ ವಸಂತದಲ್ಲಿ ಬ್ರಿಟನ್, ಫ್ರಾನ್ಸ್, ಪೋರ್ಚುಗಲ್ಲುಗಳೂ ಗಡಿಯಾರಗಳನ್ನು ಮುಂದಿಟ್ಟಿದ್ದವೆಂಬುದನ್ನು ಮರೆಯಬಾರದು. ಮುಂದೆ ಬ್ರಿಟನ್ನೂ ಪೋರ್ಚುಗಲ್ಲೂ ಹಳೆಯ ಕಾಲಕ್ಕೆ ಮರಳಿದವು. ಸ್ಪೇನ್ ಮರಳಲಿಲ್ಲ. ಸಾಮಾನ್ಯ ಕಾಲವನ್ನು ಮತ್ತೆ ತರುವ ದಿನವನ್ನು ಸಕಾಲದಲ್ಲಿ ಗೊತ್ತುಪಡಿಸಲಾಗುವುದೆಂದು ಆ ಆಜ್ಞೆಯಲ್ಲೇ ಹೇಳಿತ್ತು. ಆ ದಿನ ಬರಲೇ ಇಲ್ಲ.

ಗಡಿಗಳ ಬಳಿ ಇದರ ವಿಚಿತ್ರ ಎದ್ದು ಕಾಣುತ್ತದೆ. ವೀಗೊದಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಮಿನ್ಯೊ ನದಿ. ಈಚೆ ದಡದಲ್ಲಿ ಸ್ಪೇನಿನ ತುಯ್, ಆಚೆ ದಡದಲ್ಲಿ ಪೋರ್ಚುಗಲ್ಲಿನ ವಲೆನ್ಸ. ನಡುವೆ ಹಳೆಯ ಕಬ್ಬಿಣದ ಸೇತುವೆ. ಎರಡು ದಡಗಳಿಗೂ ಒಂದೇ ಹೊತ್ತು. ಆದರೂ ಸೇತುವೆ ದಾಟಿದವನು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡಬೇಕು. ವಾರ್ಡೊವಿನ ಕಡೆಯಲ್ಲಿ ನಾರ್ವೆ, ಫಿನ್‌ಲೆಂಡ್, ರಷ್ಯಗಳ ಗಡಿಗಳು ಒಂದು ಬಿಂದುವಿನಲ್ಲಿ ಕೂಡುತ್ತವೆ. ಚಳಿಗಾಲದಲ್ಲಿ ಆ ಗಡಿಗಲ್ಲಿನ ಒಂದು ಪಕ್ಕದಲ್ಲಿ ಹನ್ನೆರಡು ಗಂಟೆಯಾದರೆ, ಇನ್ನೊಂದು ಪಕ್ಕದಲ್ಲಿ ಒಂದು, ಮತ್ತೊಂದು ಪಕ್ಕದಲ್ಲಿ ಎರಡು. ಒಂದೇ ಕಲ್ಲಿನ ನೆರಳು ಮೂರು ಗಂಟೆಗಳನ್ನು ಹೇಳಬೇಕು!

ಭಾರ ಹೊರುವವರು

'ಗಂಟೆ ಎಂಬುದು ಬರಿಯ ಹೆಸರು ತಾನೇ? ಒಂಬತ್ತು ಎಂದರೇನು, ಹತ್ತು ಎಂದರೇನು?' ಎಂದು ನೀವು ಕೇಳಬಹುದು. ಜನ ತಮ್ಮ ಬಾಳನ್ನು ಹೊತ್ತಿಗೆ ಹೊಂದಿಸಿಕೊಳ್ಳುವ ಸ್ವಾತಂತ್ರ್ಯವಿರುವಲ್ಲಿ ಆ ಮಾತು ನಿಜ. ಸ್ಪೇನಿನವರು ಮಧ್ಯಾಹ್ನದ ಊಟವನ್ನು ಎರಡು ಎರಡೂವರೆಗೆ ಮಾಡುತ್ತಾರೆಂದು ಹೊರಗಿನವರು ನಗುತ್ತಾರೆ. ಬೇಸಗೆಯಲ್ಲಿ ವೀಗೊವಿನ ನಿಜವಾದ ಮಧ್ಯಾಹ್ನ ಎರಡೂವರೆ ದಾಟಿದ ಮೇಲೆಯೇ. ಅವರು ಊಟಕ್ಕೆ ತಡಮಾಡಿಲ್ಲ, ಹೊತ್ತಿಗೆ ಸರಿಯಾಗಿಯೇ ಕುಳಿತಿದ್ದಾರೆ. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತೂಕಾಲಕ್ಕೆ. ರಾತ್ರಿಯ ಊಟ ಒಂಬತ್ತು ಹತ್ತಕ್ಕಾದರೆ ಆಶ್ಚರ್ಯವೇನು?

ಆದರೆ ಎಲ್ಲರಿಗೂ ಆ ಸ್ವಾತಂತ್ರ್ಯವಿಲ್ಲ. ಶಾಲೆ, ಕಾರ್ಖಾನೆ, ಕಚೇರಿಗಳು ಗಂಟೆ ಬಾರಿಸುವುದು ಗಡಿಯಾರ ನೋಡಿ. ರಾತ್ರಿ ಬೆಳಕಿರುವ ತನಕ ಮಕ್ಕಳು ಮಲಗುವುದಿಲ್ಲ. ಬೆಳಗ್ಗೆ ಕತ್ತಲೆಯಲ್ಲೇ ಅವರನ್ನು ಎಬ್ಬಿಸಬೇಕು. ವರ್ಷಗಟ್ಟಲೆ ಪಾಠ ಹೇಳಿದ ನನ್ನಂಥವರಿಗೆ, ನಿದ್ದೆಗೆಟ್ಟ ಮಗು ಮೊದಲನೆಯ ಪೀರಿಯಡ್ಡಿನಲ್ಲಿ ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪೋರ್ಚುಗಲ್ ಇದನ್ನು ಪ್ರಯೋಗ ಮಾಡಿಯೇ ಕಂಡುಕೊಂಡಿತು. 1992ರಲ್ಲಿ ವ್ಯಾಪಾರದ ಅನುಕೂಲಕ್ಕಾಗಿ ಅದು ಮಧ್ಯ ಯೂರೋಪಿನ ಕಾಲಕ್ಕೆ ಹೋಯಿತು. ಮಕ್ಕಳು ಕತ್ತಲೆಯಲ್ಲಿ ಶಾಲೆಗೆ ಹೋಗುವಂತಾಯಿತೆಂಬ ದೂರು ಎದ್ದಿತು. 1996ರಲ್ಲಿ ಹಳೆಯ ಕಾಲಕ್ಕೇ ಮರಳಿತು. ಸ್ಪೇನಿನಲ್ಲೂ 2013ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಗ್ರೀನಿಚ್ ಕಾಲಕ್ಕೆ ಮರಳುವುದು ಒಳ್ಳೆಯದೆಂದು ಅಭಿಪ್ರಾಯಪಟ್ಟಿತು. ಅದು ಜಾರಿಗೆ ಬರಲಿಲ್ಲ.

ಬದಲಿಸುವುದೂ ಸುಲಭವಲ್ಲ. ಮ್ಯಾಡ್ರಿಡ್, ಪ್ಯಾರಿಸ್, ಬರ್ಲಿನ್ನುಗಳ ನಡುವೆ ವ್ಯವಹಾರ ಮಾಡುವವರಿಗೆ ಒಂದೇ ಗಂಟೆಯಿರುವುದು ದೊಡ್ಡ ಅನುಕೂಲ. ದೇಶದೊಳಗೂ ಒಮ್ಮತವಿಲ್ಲ: ಪಶ್ಚಿಮದ ವೀಗೊವಿಗೆ ಬೇಡವಾದದ್ದು ಪೂರ್ವದ ಬಲಿಯಾರಿಕ್ ದ್ವೀಪಗಳವರಿಗೆ ಬೇಕು. ಬೇಸಗೆಯಲ್ಲಿ ಗಡಿಯಾರವನ್ನು ಮುಂದಿಟ್ಟು ಚಳಿಗಾಲದಲ್ಲಿ ಹಿಂದಿಡುವ ಪದ್ಧತಿಯನ್ನು ಯೂರೋಪಿನ ಒಕ್ಕೂಟದಲ್ಲಿ ನಿಲ್ಲಿಸಬೇಕೆಂಬ ಮಾತು ಎದ್ದು, 2018ರಲ್ಲಿ ಜನರ ಅಭಿಪ್ರಾಯ ಕೇಳಿದಾಗ 46 ಲಕ್ಷ ಉತ್ತರಗಳು ಬಂದವು. ನೂರಕ್ಕೆ 84ರಷ್ಟು ಮಂದಿ ನಿಲ್ಲಿಸಿರೆಂದರು. 2019ರ ಮಾರ್ಚಿನಲ್ಲಿ ಯೂರೋಪಿನ ಪಾರ್ಲಿಮೆಂಟು ಒಪ್ಪಿತು. ಆದರೆ ನಿಲ್ಲಿಸಿದ ಮೇಲೆ ಯಾವ ಕಾಲವನ್ನು ಇಟ್ಟುಕೊಳ್ಳುವುದೆಂಬಲ್ಲಿ ದೇಶಗಳು ಒಮ್ಮತಕ್ಕೆ ಬರಲಿಲ್ಲ.

ನಮ್ಮ ಅಂಗಳದಲ್ಲಿ

ಇದು ದೂರದ ಊರಿನ ಕಥೆ ಮಾತ್ರವಲ್ಲ. ನಮ್ಮ ದೇಶ ಪಶ್ಚಿಮದಿಂದ ಪೂರ್ವಕ್ಕೆ 29 ಅಂಶಗಳಷ್ಟು ಅಗಲ. ಸುಮಾರು ಎರಡು ಗಂಟೆಯ ಅಂತರ. ಪೂರ್ವ ರೇಖಾಂಶ ಎಂಬತ್ತೆರಡೂವರೆಯ ಕಾಲವನ್ನು 1906ರಲ್ಲಿ ಇಡೀ ದೇಶಕ್ಕೆ ಗೊತ್ತುಮಾಡಿದರೂ ಕಲ್ಕತ್ತೆ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ತಮ್ಮ ಕಾಲವನ್ನು ಬಿಟ್ಟುಕೊಡಲಿಲ್ಲ. ದ್ವಾರಕೆಯಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸರಾಸರಿ 12-54. ಅರುಣಾಚಲದ ಪೂರ್ವದಂಚಿನಲ್ಲಿ 11-02. ಅಸ್ಸಾಮಿನ ಚಹ ತೋಟಗಳಲ್ಲಿ ಕೆಲಸಕ್ಕೆ ಬೆಳಕು ದಕ್ಕಲೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುವ ವಾಡಿಕೆ ಬೆಳೆದದ್ದು ಇದರಿಂದಲೇ. ಪೂರ್ವದ ರಾಜ್ಯಗಳಿಗೆ ಬೇರೆ ಕಾಲ ಬೇಕೆಂಬ ಬೇಡಿಕೆ ಆಗಾಗ ಏಳುವುದೂ ಇದರಿಂದಲೇ. ಆ ಸುದ್ದಿ ಕೇಳಿದಾಗ ಅದನ್ನು ಹಟವೆಂದು ತಳ್ಳಿಹಾಕದೆ ವೀಗೊವಿನ ಮಕ್ಕಳನ್ನು ನೆನೆಯಿರಿ. ಎರಡು ಗಡಿಯಾರಗಳಾದರೆ ರೈಲು, ಕಚೇರಿಗಳಿಗೆ ಬರುವ ತೊಡಕನ್ನೂ ನೆನೆಯಿರಿ. ಎರಡು ಕಡೆಯೂ ಹುರುಳಿದೆ. ತೂಗಿ ನೋಡಬೇಕಾದದ್ದು ಅದನ್ನು.

ನಿಮ್ಮ ಊರಿನ ಗಂಟೆಗೂ ಹೊತ್ತಿಗೂ ಎಷ್ಟು ಅಂತರವೆಂದು ತಿಳಿಯುವ ಆಸೆಯಿದ್ದರೆ ದುಬಾರಿ ಸಾಧನವೇನೂ ಬೇಡ. ಅಂಗಳದ ಸಮನಾದ ನೆಲದಲ್ಲಿ ಮೊಳದುದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ. ನೆರಳು ಅತಿ ಚಿಕ್ಕದಾದಾಗ ನಿಮ್ಮ ಊರಿನ ನಿಜವಾದ ಮಧ್ಯಾಹ್ನ. ಆಗ ಅದು ಬಿದ್ದಿರುವುದು ನೇರ ಉತ್ತರ ದಕ್ಷಿಣವಾಗಿ. ನಮ್ಮ ಹಿಂದಿನವರು ಶಂಕು ನೆಟ್ಟು ದಿಕ್ಕನ್ನು ಕಂಡುಕೊಳ್ಳುತ್ತಿದ್ದದ್ದೂ ನೆರಳಿನಿಂದಲೇ. ಸರಾಸರಿ ಲೆಕ್ಕದಲ್ಲಿ ಅದು ಕಾರವಾರದಲ್ಲಿ 12-33ಕ್ಕೆ, ಮಂಗಳೂರಿನಲ್ಲಿ 12-31ಕ್ಕೆ, ಧಾರವಾಡದಲ್ಲಿ 12-30ಕ್ಕೆ, ಮೈಸೂರಿನಲ್ಲಿ 12-23ಕ್ಕೆ, ಬೆಂಗಳೂರಿನಲ್ಲಿ 12-20ಕ್ಕೆ ಆಗಬೇಕು. ಭೂಮಿ ಸೂರ್ಯನನ್ನು ಸುತ್ತುವ ವೇಗ ವರ್ಷವಿಡೀ ಒಂದೇ ಸಮನಾಗಿಲ್ಲದ್ದರಿಂದಲೂ ಅಕ್ಷ ಓರೆಯಾಗಿರುವುದರಿಂದಲೂ ಇದರಲ್ಲಿ ಋತುವಿಗೆ ತಕ್ಕಂತೆ 16 ನಿಮಿಷಗಳವರೆಗೆ ಹೆಚ್ಚು ಕಡಿಮೆಯಾಗುವುದುಂಟು. ಫೆಬ್ರವರಿಯಲ್ಲಿ ತಡವಾಗಿ, ನವೆಂಬರಿನ ಮೊದಲಲ್ಲಿ ಬೇಗನೆ ಆಗುತ್ತದೆ. ಮಕ್ಕಳಿಂದ ತಿಂಗಳಿಗೊಮ್ಮೆ ಇದನ್ನು ಮಾಡಿಸಿ ಒಂದು ಪುಸ್ತಕದಲ್ಲಿ ಬರೆದಿಡಿಸಿ. ಗುರುತು ಹಾಕುವ ಮೊದಲು ರೇಡಿಯೋದ ಸಂಕೇತಕ್ಕೆ ಮನೆಯ ಗಡಿಯಾರವನ್ನು ಸರಿಮಾಡಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.